ಗಂಜಿ ಕುಡಿದ ಹುಡುಗರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫರ್ನಾಲ್ಡ್ ಎಂಬ ವಸತಿ ಶಾಲೆಯಿತ್ತು. ಬುದ್ಧಿಮಾಂದ್ಯರೆಂಬ ಹಣೆಪಟ್ಟಿ ಹೊತ್ತ ಮಕ್ಕಳು ಅಲ್ಲಿದ್ದರು. ಕೆಲವರು ಬರಿಯ ದಿಕ್ಕಿಲ್ಲದವರು. 1946ರಿಂದ 1953ರವರೆಗೆ ಅಲ್ಲಿನ ಎಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಓಟ್ಸ್ ಗಂಜಿ, ಹಾಲಿನೊಡನೆ ವಿಕಿರಣಶೀಲ ಕಬ್ಬಿಣ ಇಲ್ಲವೇ ಕ್ಯಾಲ್ಸಿಯಂ ಕೊಡಲಾಯಿತು. ಧಾನ್ಯ ತಿಂದರೆ ಈ ಅಂಶಗಳು ಮೈಗೆ ಎಷ್ಟು ಸೇರುತ್ತವೆಂದು ತಿಳಿಯುವುದು ಎಂಐಟಿ ವಿಜ್ಞಾನಿಗಳ ಉದ್ದೇಶ. ನೆರವಿಗೆ ಕ್ವೇಕರ್ ಓಟ್ಸ್ ಕಂಪೆನಿ ಇತ್ತು.

ಹುಡುಗರನ್ನು 'ಸೈನ್ಸ್ ಕ್ಲಬ್'ಗೆ ಸೇರಿಸಿ ಬೇಸ್‌ಬಾಲ್ ಪಂದ್ಯಕ್ಕೆ ಕರೆದೊಯ್ದರು. ಹೆತ್ತವರಿಗೆ ಬರೆದ ಕಾಗದದಲ್ಲಿ ಪೌಷ್ಟಿಕತೆಯ ಮಾತಿತ್ತು, ವಿಕಿರಣದ ಸುದ್ದಿಯೇ ಇರಲಿಲ್ಲ! ಜನಕ್ಕೆ ಗೊತ್ತಾದದ್ದು 1993ರ ಕೊನೆಗೆ.

ಪ್ರಮಾಣ ಅಲ್ಪ, ಗಮನಾರ್ಹ ಹಾನಿಯಾಗಿಲ್ಲ ಎಂದಿತು ತನಿಖೆ. ಇರಬಹುದು. ಆದರೆ ಮಕ್ಕಳ ಜೀವಕೋಶಗಳು ಬಿರುಸಿನಿಂದ ಒಡೆದು ಬೆಳೆಯುವಂಥವು, ಮುಂದಿನ ಆಯುಷ್ಯವೂ ದೀರ್ಘ. ಹಾಗಾಗಿ ಅದೇ ವಿಕಿರಣ ದೊಡ್ಡವರಿಗಿಂತ ಅವರಿಗೆ ಹೆಚ್ಚು ಅಪಾಯ. ಅದೂ ಒತ್ತಟ್ಟಿಗಿರಲಿ. ಗೋಡೆಯಾಚೆ ಕಾಲಿಡದ ಹುಡುಗನಿಗೆ ಪಂದ್ಯದ ಆಸೆ ಹುಟ್ಟಿಸಿ ಪಡೆದದ್ದು ಒಪ್ಪಿಗೆಯೇ? ನನ್ನ ಮಟ್ಟಿಗೆ ಅಲ್ಲ.

1998ರಲ್ಲಿ ಎಂಐಟಿ ಮತ್ತು ಕ್ವೇಕರ್ ಓಟ್ಸ್ 18.5 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡವು. ನಮ್ಮಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ, ಹೆತ್ತವರ ಒಪ್ಪಿಗೆಯ ಜೊತೆಗೆ, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕೆನ್ನುತ್ತದೆ.