ಬಿಸಿ ತಂಪು ಕಾಣುವ ಕಣ್ಣು
(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತು)



ಹೋದ ಮಳೆಗಾಲದಲ್ಲಿ ತಿರುವನಂತಪುರದ ಮನೆಯಲ್ಲಿ, ನಮ್ಮ ಅತ್ತೆಯವರ ಕೋಣೆಯ ಚಾವಣಿಗೆ ತೇವದ ಕಲೆ ಬಂತು. ಮೇಲಿನ ಬಚ್ಚಲಿನ ಟೈಲ್ಸ್ ಪೂರ್ತಿ ಕೀಳಬೇಕು ಎಂದರು ಮೇಸ್ತ್ರಿ. "ನಿಮ್ಮ ಮಾವ ಕಟ್ಟಿಸಿದ ಮನೆ ಕಣಮ್ಮ, ಸುಮ್ಮನೆ ಒಡೆಸಬೇಡ" ಎಂದರು ಅತ್ತೆ. ಆಗ ನನಗೆ ಥರ್ಮಲ್ ಕ್ಯಾಮೆರಾದ ಹುಚ್ಚು ಹಿಡಿಯಿತು.

2020ರಲ್ಲಿ ವಿಮಾನ ನಿಲ್ದಾಣಗಳಲ್ಲಿ ನಮ್ಮ ಜ್ವರ ನೋಡುತ್ತಿದ್ದ ಬಣ್ಣಬಣ್ಣದ ಪರದೆ ನೆನಪಿದೆಯಲ್ಲ? ಅದೇ ಬಗೆಯ ಕ್ಯಾಮೆರಾ ಈಗ ಮೊಬೈಲಿಗೆ ಸಿಕ್ಕಿಸುವಷ್ಟು ಚಿಕ್ಕದಾಗಿದೆ. ನಾನು ಹಾಕಿಕೊಂಡ ಮಿತಿ 20,000 ರೂಪಾಯಿ. ಕೊಳ್ಳುವ ಮುಂಚೆ ನೋಡಿದ್ದು ನಾಲ್ಕು ವಿಷಯ.

ಮೊದಲನೆಯದು, ಸೆನ್ಸರಿನ ಪಿಕ್ಸೆಲ್. 80×60 ಎಂದರೆ ಬರೀ 4,800 ಚುಕ್ಕಿ. 256×192 ಎಂದರೆ 49,152. ಜಾಹೀರಾತಿನಲ್ಲಿ ಪರದೆಯ ಪಿಕ್ಸೆಲ್ ದೊಡ್ಡದಾಗಿ ಬರೆದಿರುತ್ತಾರೆ, ಮೋಸಹೋಗಬೇಡಿ, ಸೆನ್ಸರಿನದನ್ನೇ ಕೇಳಿ.

ಎರಡನೆಯದು, ಸೂಕ್ಷ್ಮತೆ. ಒದ್ದೆ ಗೋಡೆ ಒಣಗುವಾಗ ತಂಪಾಗುತ್ತದೆ, ಅದೇ ನೀಲಿಯಾಗಿ ಕಾಣುವುದು. ಆದರೆ ನಮ್ಮ ಕೊಚ್ಚಿಯ ಮಳೆಗಾಲದ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗೋಡೆ ಎಲ್ಲಿಂದ ಒಣಗಬೇಕು! ವ್ಯತ್ಯಾಸ ತೀರಾ ಕಡಿಮೆ. ಆದ್ದರಿಂದ 50 ಮಿಲಿಕೆಲ್ವಿನ್, ಅಂದರೆ 0.05 ಡಿಗ್ರಿ, ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆರಿಸಿ.

ಮೂರನೆಯದು, ಸೆಕೆಂಡಿಗೆ ಎಷ್ಟು ಚಿತ್ರ. ಗೋಡೆ ಓಡಿಹೋಗುವುದಿಲ್ಲ, 9 ಸಾಕು. ಓಡುವ ಬೆಕ್ಕು, ಹಾರುವ ಹಕ್ಕಿ ನೋಡುವ ಹವ್ಯಾಸವಿದ್ದರೆ 25ರದ್ದು ಬೇಕು.

ನಾಲ್ಕನೆಯದು, ನಿಮ್ಮ ಮೊಬೈಲಿನ ಪಿನ್ನಿಗೂ ಆ್ಯಪಿಗೂ ಅದು ಹೊಂದುತ್ತದೆಯೇ ಎಂಬುದು.

ತಂದ ಮೇಲೆ ಮೊದಲು ಪೆಟ್ಟು ತಿಂದೆ. ಒಲೆಯಿಂದ ಇಳಿಸಿದ ಸ್ಟೀಲ್ ಪಾತ್ರೆ ತಣ್ಣಗಿದೆ ಎಂದು ತೋರಿಸಿತು. ನಂಬಿ ಮುಟ್ಟಿ ಬೆರಳು ಸುಟ್ಟುಕೊಂಡೆ. ಹೊಳೆಯುವ ಲೋಹ ಕನ್ನಡಿಯಂತೆ ಸುತ್ತಲಿನ ಶಾಖವನ್ನೇ ತೋರಿಸುತ್ತದೆ. ಅದರ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಟೇಪನ್ನು ನೋಡಬೇಕು. ಇನ್ನೊಮ್ಮೆ ಕೊಚ್ಚಿಯ ಫ್ಲಾಟಿನ ಗೋಡೆಯಲ್ಲಿ ನೀಲಿ ಕಂಡು ಪ್ಲಂಬರನ್ನು ಕರೆಸಿದೆ. ಅದು ಎಸಿಯ ಗಾಳಿ ಬಡಿದ ಜಾಗ! ಅವರ ನಗುವಿಗೆ ನಾನೂ ಕಾಫಿ ಕೊಟ್ಟು ನಕ್ಕೆ.

ಅಂದರೆ ಈ ಕ್ಯಾಮೆರಾ ಗೋಡೆಯೊಳಗೆ ನೋಡುವುದಿಲ್ಲ, ಮೇಲ್ಮೈಯ ಶಾಖವನ್ನಷ್ಟೇ ನೋಡುತ್ತದೆ. ಕಿಟಕಿಯ ಗಾಜಿನಾಚೆಗೂ ಅದಕ್ಕೆ ಕಾಣದು. ಅದು ಸಂಶಯ ಹುಟ್ಟಿಸುತ್ತದೆ. ತೀರ್ಮಾನ ನಾವೇ ಮಾಡಬೇಕು.

ತಿರುವನಂತಪುರದಲ್ಲಿ ಫ್ಯಾನ್ ನಿಲ್ಲಿಸಿ, ಬೆಳಿಗ್ಗೆ, ಸಂಜೆ ಎರಡು ದಿನ ನೋಡಿದೆ. ನೀಲಿ ಪಟ್ಟಿ ಪ್ರತಿ ಸಲ ಒಂದೇ ಮೂಲೆಯಲ್ಲಿ. ಮೇಸ್ತ್ರಿ ಅದರ ಮೇಲಿನ ನಾಲ್ಕು ಟೈಲ್ಸ್ ಮಾತ್ರ ತೆಗೆದರು. ಪೈಪಿನ ಜಾಯಿಂಟ್ ಸೋರುತ್ತಿತ್ತು.

ಅದೇ ದಿನ, ಗೀಸರ್ ಓಡುತ್ತಿದ್ದಾಗ ಸ್ವಿಚ್ ಬೋರ್ಡಿನತ್ತ ಹಿಡಿದೆ. ಒಂದು ಸ್ವಿಚ್ ಉಳಿದವಕ್ಕಿಂತ ಬಹಳ ಬಿಸಿ. ಎಲೆಕ್ಟ್ರಿಷಿಯನ್ ತೆರೆದರೆ ವಯರ್ ಸಡಿಲಾಗಿ ಕರಿದಾಗಿತ್ತು. ಅತ್ತೆ ಅಲ್ಲಿ ಒಬ್ಬರೇ ಮಲಗುವವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲರೂ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನನ್ನದು ವರ್ಷಪೂರ್ತಿ ಕಪಾಟಿನಲ್ಲೇ ಇರುತ್ತದೆ, ಕೇಳಿ, ಕೊಡುತ್ತೇನೆ. ಬೋರ್ಡನ್ನು ಮಾತ್ರ ನೀವು ಬಿಚ್ಚಬೇಡಿ.