ಹೊಸ ಊರಿನಲ್ಲಿ ಬೇರೂರುವ ಸಂಸಾರ

(ಶತಮಾನೋತ್ಸವದ ಅಂಗವಾಗಿ ಭದ್ರಾವತಿಯಲ್ಲಿ ಜರುಗಿದ ಕುಟುಂಬ ದಿನಾಚರಣೆಯಲ್ಲಿ ದಂಪತಿಗಳಿಬ್ಬರು ಸಿದ್ಧಪಡಿಸಿ ಓದಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾವು ವಿದ್ವಾಂಸರಲ್ಲ, ವಾಗ್ಮಿಗಳೂ ಅಲ್ಲ. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಒಬ್ಬ ನೌಕರ, ಮನೆಮಕ್ಕಳನ್ನು ನೋಡಿಕೊಂಡು ಬಂದ ಅವನ ಪತ್ನಿ, ಇಷ್ಟೇ ನಮ್ಮ ಪರಿಚಯ. ಓದುವ ದನಿ ಒಂದಾದರೂ ಬರೆದ ಮನಸ್ಸುಗಳು ಎರಡಾದ್ದರಿಂದ ಉದ್ದಕ್ಕೂ ‘ನಾವು’ ಎಂದೇ ಹೇಳುತ್ತೇವೆ. ದೇವಾಲಯದ ಚರಿತ್ರೆಯನ್ನು ಬಲ್ಲವರು ಬೇರೆಡೆ ಬರೆಯುತ್ತಾರೆ. ನಮಗೆ ವಹಿಸಿರುವ ವಿಷಯ, ಎಳೆಯ ಸಂಸಾರವೊಂದು ಹೊಸ ಊರಿಗೆ ಬಂದು ನೆಲೆಗೊಳ್ಳುವ ಬಗೆ. ಈ ವಿಷಯಕ್ಕೆ ನಮ್ಮ ಊರಿಗಿಂತ ತಕ್ಕ ಊರು ಮತ್ತೊಂದಿಲ್ಲವೆಂದು ನಮ್ಮ ಭಾವನೆ.

ಬೆಂಕಿಪುರವೆಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ಈ ಊರು ಹಿಂದೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನೂ ಭದ್ರಾ ಹೊಳೆಯನ್ನೂ ಆಶ್ರಯಿಸಿಕೊಂಡಿದ್ದ ಸಣ್ಣ ಊರು. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿತು. ಮಲೆನಾಡಿನ ಮರವನ್ನು ಬಟ್ಟಿಯಿಳಿಸಿ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವ ಸಾಹಸವದು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ಕಾಲ ಮೇಲೆ ನಿಲ್ಲಿಸಿದರು. 1936ರಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ಹೀಗೆ ಕಬ್ಬಿಣವೂ ಕಾಗದವೂ ಕೂಡಿ ಜನರನ್ನು ಕರೆದವು. ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ, ದಕ್ಷಿಣ ಕನ್ನಡದಿಂದ, ಮೈಸೂರು ಸೀಮೆಯ ಹಳ್ಳಿಹಳ್ಳಿಗಳಿಂದ ಜನ ಬಂದರು. ಚಳಿಜ್ವರಕ್ಕೆ ಹೆಸರಾಗಿದ್ದ ಮಲೆನಾಡಿನ ಅಂಚಿಗೆ, ಗಂಟುಮೂಟೆಯೊಡನೆ, ಎಳೆಗೂಸುಗಳನ್ನೆತ್ತಿಕೊಂಡು ಬಂದ ಆ ಸಂಸಾರಗಳ ಧೈರ್ಯವನ್ನು ಇಂದು ಸ್ಮರಿಸದಿದ್ದರೆ ನಮ್ಮ ಉತ್ಸವ ಅಪೂರ್ಣವಾಗುತ್ತದೆ. ಈ ಸಭಾಂಗಣದಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಒಂದಲ್ಲ ಒಂದು ತಲೆಮಾರಿನಲ್ಲಿ ಹೊಸಬರಾಗಿ ಬಂದವರ ಮಕ್ಕಳು.

ನಾವು ಬಂದುದು 1981ರಲ್ಲಿ, ಕಾಗದದ ಕಾರ್ಖಾನೆಯಲ್ಲಿ ಸುದ್ದಿಕಾಗದದ ಉತ್ಪಾದನೆ ಆರಂಭವಾದ ವರ್ಷದಲ್ಲಿ. ಕಾರ್ಕಳ ಸೀಮೆಯಿಂದ ಆಗುಂಬೆ ಘಾಟಿಯನ್ನು ಚಿಕ್ಕ ಬಸ್ಸಿನಲ್ಲಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನು ದಾಟಿ ಬಂದಾಗ ನಮ್ಮ ಕೈಯಲ್ಲಿ ಎರಡು ಟ್ರಂಕು, ಒಂದು ಚಾಪೆಸುರುಳಿ, ಅರ್ಧ ಮೂಟೆ ಕುಚ್ಚಲಕ್ಕಿ ಮತ್ತು ಎರಡು ವರ್ಷದ ಒಂದು ಹೆಣ್ಣುಮಗು ಇದ್ದುವು. ಊರಿನಲ್ಲಿ ಆಕಾಶವಾಣಿ ಭದ್ರಾವತಿಯ ಕಾರ್ಯಕ್ರಮಗಳನ್ನು ಕೇಳಿದ್ದೆವು. ಹೆಸರು ಪರಿಚಿತ, ಊರು ಅಪರಿಚಿತ.

ಮೊದಲ ತೊಂದರೆ ಮನೆಯದು. ಕಾರ್ಖಾನೆಯ ವಸತಿಗೃಹ ದೊರೆಯಲು ಸರದಿ ಕಾಯಬೇಕಾಗಿತ್ತು. ಬಾಡಿಗೆ ಮನೆ ಕೇಳಿದಲ್ಲೆಲ್ಲಾ ಮೊದಲು ಜಾತಿ, ಅನಂತರ ಊಟದ ಪದ್ಧತಿ, ಕೊನೆಗೆ ಬಾಡಿಗೆ. ಮೀನು ತಿನ್ನುವವರೆಂದು ತಿಳಿದೊಡನೆ ಬಾಗಿಲು ಅರ್ಧ ಮುಚ್ಚಿದ ಮನೆಗಳನ್ನು ನಾವು ಕಂಡಿದ್ದೇವೆ. ಕೊನೆಗೆ ಹಳೇನಗರದ ಒಂದು ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿತು. ನೀರಿಗೆ ಹಿತ್ತಿಲಿನ ಬಾವಿ. ಎರಡನೆಯ ತೊಂದರೆ ಪಡಿತರ ಚೀಟಿಯದು. ಹಳೆಯ ಊರಿನ ಚೀಟಿಯನ್ನು ಅಲ್ಲಿಯೇ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪತ್ರ ತಂದು, ಇಲ್ಲಿ ಹೊಸ ಚೀಟಿ ಪಡೆಯುವವರೆಗೆ ಸಕ್ಕರೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ನಾಲ್ಕು ತಿಂಗಳು ಬೆಲ್ಲದ ಕಾಫಿ ಕುಡಿದು, ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಅಡುಗೆ ಮಾಡಿದ್ದಾಯಿತು. ಇವೆಲ್ಲವೂ ಸಣ್ಣ ವಿಷಯಗಳು. ಆದರೆ ಹೊಸ ಊರಿನ ಮೊದಲ ವರ್ಷದಲ್ಲಿ ಸಂಸಾರವನ್ನು ಆಯಾಸಗೊಳಿಸುವುದು ಇಂಥ ಸಣ್ಣ ವಿಷಯಗಳೇ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಮನೆಯಲ್ಲಿ ಕೊಂಕಣಿ, ನೆರೆಹೊರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು ಬಂದ ನಮ್ಮ ಮಾತು ಇಲ್ಲಿಯವರಿಗೆ ‘ಪುಸ್ತಕದ ಕನ್ನಡ’ವಾಗಿ ಕೇಳಿಸುತ್ತಿತ್ತು. ವಠಾರದಲ್ಲಿ ತಮಿಳು, ತೆಲುಗು, ಉರ್ದು ಎಲ್ಲವೂ ಇದ್ದುವು. ಆದರೆ ಬಾವಿಕಟ್ಟೆಯಲ್ಲಿ ಸೇರಿದಾಗ ಎಲ್ಲರೂ ಕನ್ನಡದಲ್ಲೇ ಮಾತನಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಕನ್ನಡ. ನಗು ಮಾತ್ರ ಎಲ್ಲರದೂ ಒಂದೇ. ನಮ್ಮ ಮಗಳು ಆರು ತಿಂಗಳಲ್ಲಿ ನಾಲ್ಕು ಭಾಷೆಗಳಲ್ಲಿ ತಿಂಡಿ ಕೇಳುವುದನ್ನು ಕಲಿತಳು. ಮಕ್ಕಳು ಊರನ್ನು ಬೇಗ ತಮ್ಮದಾಗಿಸಿಕೊಳ್ಳುತ್ತಾರೆ. ಅವರ ಬೆನ್ನಿಗೆ ನಾವು ನಿಧಾನವಾಗಿ ನಡೆಯುತ್ತೇವೆ.

ಕಾರ್ಖಾನೆಯ ಊರಿನಲ್ಲಿ ಗಡಿಯಾರವನ್ನು ಆಳುವುದು ಪಾಳಿ. ಸೈರನ್ನಿನ ಸದ್ದಿಗೆ ಊರು ಏಳುತ್ತದೆ, ಉಣ್ಣುತ್ತದೆ, ಮಲಗುತ್ತದೆ. ಗಾಳಿ ತಿರುಗಿದ ಕಡೆಗೆಲ್ಲಾ ಕಾಗದದ ಕಾರ್ಖಾನೆಯ ಗಂಧಕದ ವಾಸನೆ ಹರಡುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಹಳಬರು, ಅದು ನಮ್ಮ ಅನ್ನದ ವಾಸನೆಯೆನ್ನುತ್ತಿದ್ದರು. ರಾತ್ರಿ ಪಾಳಿಯ ವಾರಗಳೇ ಎಳೆಯ ಸಂಸಾರಕ್ಕೆ ಕಠಿಣವಾದವು. ತವರಿನಲ್ಲಿ ಹತ್ತು ಜನರ ನಡುವೆ ಬೆಳೆದ ಹೆಣ್ಣುಮಗಳು, ಪರವೂರಿನ ಒಂಟಿ ಕೋಣೆಯಲ್ಲಿ ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು, ಹೊರಗೆ ಸುರಿಯುವ ಮಳೆಯನ್ನು ಕೇಳುತ್ತಾ ಬೆಳಗು ಮಾಡುವುದು ಹೇಗಿರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು.

ಅಂಥ ಒಂದು ರಾತ್ರಿ ಮಗುವಿಗೆ ಜ್ವರವೇರಿ ಕೈಕಾಲು ಸೆಟೆದುಕೊಂಡವು. ಮನೆಯವರು ಕಾರ್ಖಾನೆಯಲ್ಲಿ. ಪಕ್ಕದ ಮನೆಯ ಹಿರಿಯ ತಾಯಿಯನ್ನು ವಠಾರದ ಮಕ್ಕಳೆಲ್ಲ ‘ಪಾಟಿ’ ಎನ್ನುತ್ತಿದ್ದರು. ಅಳುವ ಸದ್ದು ಕೇಳಿ ಎದ್ದು ಬಂದವರೇ, “ಯಾಕಮ್ಮಾ ಒಬ್ಬಳೇ ಅಳ್ತಾ ಕೂತಿದ್ದೀ? ಗೋಡೆಗೆ ಎರಡು ಸಲ ಬಡಿಯೋದಲ್ವಾ?” ಎಂದು ಗದರಿಸಿ, ಮಗುವಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಗನನ್ನೆಬ್ಬಿಸಿ, ಮಳೆಯಲ್ಲೇ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಅವರು ನಮ್ಮ ಭಾಷೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಅಂದಿನಿಂದ ಆ ಗೋಡೆ ನಮಗೆ ಗೋಡೆಯಾಗಿ ಉಳಿಯಲಿಲ್ಲ. ಅವರಿಂದ ನಾವು ರಾಗಿಮುದ್ದೆ ಕಟ್ಟುವುದನ್ನು ಕಲಿತೆವು. ಅವರು ನಮ್ಮ ಕುಚ್ಚಲಕ್ಕಿಯ ಗಂಜಿಯನ್ನು ಪಥ್ಯಕ್ಕೆ ಒಳ್ಳೆಯದೆಂದು ಒಪ್ಪಿಕೊಂಡರು.

ಇನ್ನು ದೇವಾಲಯದ ಮಾತು. ಉತ್ಸವದ ದಿನ ಒಳ್ಳೆಯದನ್ನಷ್ಟೇ ಹೇಳುವುದು ವಾಡಿಕೆಯಾದರೂ, ಮನೆಯವರ ಮುಂದೆ ಮನೆಯ ಮಾತನ್ನು ಮುಚ್ಚಿಡಬಾರದು. ಮೊದಲ ಮೂರು ಭಾನುವಾರಗಳು ನಾವು ಪೂಜೆಗೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಯಾರೊಡನೆಯೂ ಮಾತಿಲ್ಲದೆ ಹಿಂದಿರುಗಿದೆವು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಯಾರ ಕಣ್ಣಿಗೂ ನಾವು ಬೀಳಲಿಲ್ಲ, ಅಷ್ಟೇ. ನಾಲ್ಕನೆಯ ಭಾನುವಾರ ಹಿರಿಯರಾದ ಉಪದೇಶಿಗಳೊಬ್ಬರು ಬಾಗಿಲಲ್ಲಿ ತಡೆದು, “ಯಾವ ಊರು ನಿಮ್ಮದು? ಮನೆ ಎಲ್ಲಿ ಮಾಡಿದ್ದೀರಿ?” ಎಂದು ಕೇಳಿದರು. ಆ ಎರಡು ಪ್ರಶ್ನೆಗಳಿಂದ ನಮ್ಮ ಬದುಕು ತಿರುಗಿತು. ಆ ವಾರವೇ ಅವರು ಮನೆಗೆ ಬಂದರು. ಪಡಿತರ ಚೀಟಿಗೆ ಯಾರನ್ನು ಕಾಣಬೇಕೆಂದು ತಿಳಿಸಿದರು. 1983ರಲ್ಲಿ ನಮ್ಮ ಮಗನ ಜ್ಞಾನಸ್ನಾನವಾದಾಗ, ಊರಿನಿಂದ ಬರಬೇಕಾಗಿದ್ದ ಬಂಧುಗಳು ಮಳೆಯಿಂದ ಬರಲಾಗದೆ ಹೋದರೂ ನಮ್ಮ ಮನೆಯಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಅಷ್ಟು ಜನ ಬಂದಿದ್ದರು.

ಸೆಪ್ಟೆಂಬರ್ 8ನೆಯ ದಿನ ನಮ್ಮ ಕರಾವಳಿಯವರಿಗೆ ಮೊಂತಿ ಹಬ್ಬ. ಹೊಸ ತೆನೆಯನ್ನು ಮಂತ್ರಿಸಿ ಮನೆಗೆ ತಂದು, ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ. ತಮಿಳು ಮನೆಗಳಿಗೆ ಅದೇ ದಿನ ವೇಳಾಂಗಣಿ ಮಾತೆಯ ಹಬ್ಬ. ಹೊಸದಾಗಿ ಬಂದ ವರ್ಷ ನಾವು ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಕುಳಿತು ಊರನ್ನು ನೆನೆಯುತ್ತಾ ಉಂಡೆವು. ಮರುವರ್ಷ ಮೂರು ಭಾಷೆಯ ಮನೆಗಳು ಒಂದೇ ಎಲೆಯ ಸಾಲಿನಲ್ಲಿ ಕುಳಿತವು. ಊರು ನಮ್ಮದಾಯಿತೆಂದು ನಮಗೆ ಅನ್ನಿಸಿದ್ದು ಆ ದಿನ.

ಪ್ರಿಯರೇ, ಸಂತ ಮತ್ತಾಯರ ಶುಭಸಂದೇಶದಲ್ಲಿ ಒಂದು ಎಳೆಯ ಸಂಸಾರ ರಾತ್ರೋರಾತ್ರಿ ಈಜಿಪ್ಟ್ ದೇಶಕ್ಕೆ ಹೊರಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹೆರೋದನು ಸಾಯುವವರೆಗೆ ಅವರು ಅಲ್ಲಿದ್ದರೆಂದಷ್ಟೇ ಅಲ್ಲಿ ತಿಳಿಯುತ್ತದೆ. ಆ ಪರದೇಶದಲ್ಲಿ ಅವರಿಗೆ ಸೂರು ಕೊಟ್ಟವರು ಯಾರು, ಯೋಸೇಫರಿಗೆ ಮೊದಲ ಕೆಲಸ ಕೊಟ್ಟವರು ಯಾರು, ಮರಿಯಮ್ಮನವರಿಗೆ ನೀರಿನ ದಾರಿ ತೋರಿಸಿದವರು ಯಾರು, ಇದಾವುದೂ ಬರೆದಿಲ್ಲ. ಆದರೆ ಅಂಥವರು ಯಾರೋ ಇದ್ದಿರಲೇಬೇಕು. ನಮ್ಮ ಈ ಧರ್ಮಕೇಂದ್ರದ ನೂರು ವರ್ಷಗಳಲ್ಲಿಯೂ ಹೆಸರಿಲ್ಲದ ಅಂಥ ಜನರೇ ಹೆಚ್ಚು ಕೆಲಸ ಮಾಡಿದ್ದಾರೆ.

ಈಗ ಕಾಲ ಬದಲಾಗಿದೆ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದುದು, ಅದು ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ. ಕಾರ್ಮಿಕರ ಹೋರಾಟದ ಅನಂತರ ಅದೇ ವರ್ಷ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತಾದರೂ ಊರಿನ ಮನಸ್ಸಿನ ಆತಂಕ ಕಳೆದಿಲ್ಲ. ಮಕ್ಕಳ ಕೂಗಿನಿಂದ ತುಂಬಿರುತ್ತಿದ್ದ ವಸತಿಗೃಹಗಳ ಅಂಗಳದಲ್ಲಿ ಗಿಡಗಂಟಿ ಬೆಳೆದಿದೆ. ನಮ್ಮ ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದಾರೆ. ‘ಅಲ್ಲಿಯೇ ಬಂದುಬಿಡಿ’ ಎಂದು ಕರೆಯುತ್ತಾರೆ. ಕಾರ್ಖಾನೆಯಿಲ್ಲದ ಊರಿನಲ್ಲಿ ನಿಮಗೇನಿದೆ ಎಂಬ ಅವರ ಪ್ರಶ್ನೆಗೆ ನಾವು ಬಹಳ ದಿನ ಉತ್ತರ ಹುಡುಕಿದೆವು. ಕಾರ್ಖಾನೆ ನಮ್ಮನ್ನು ಕರೆತಂದಿತು, ಅದು ನಿಜ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯ ಜನ. ಆದ್ದರಿಂದ ನಾವು ಇಲ್ಲಿಯೇ ಉಳಿದಿದ್ದೇವೆ.

ಹೋಗುವವರಿರುವಂತೆ ಬರುವವರೂ ಇದ್ದಾರೆ. ಬ್ಯಾಂಕಿನವರು, ಶಿಕ್ಷಕರು, ಆಸ್ಪತ್ರೆಯ ದಾದಿಯರು, ಕಟ್ಟಡದ ಕೆಲಸಕ್ಕೆ ದೂರದಿಂದ ಬಂದವರು, ಇವರೆಲ್ಲರ ಎಳೆಯ ಸಂಸಾರಗಳು ಇಂದಿಗೂ ಈ ಊರಿಗೆ ಬರುತ್ತಿವೆ. ಅವರಿಗೆ ಮೊಬೈಲ್ ಫೋನಿನಲ್ಲಿಯೇ ಮನೆ ಸಿಗುತ್ತದೆ, ದಿನಸಿ ಬರುತ್ತದೆ, ತಾಯಿಯ ಮುಖವೂ ಕಾಣುತ್ತದೆ. ಬೆಂಕಿಪೊಟ್ಟಣ ಕೇಳಲು ಪಕ್ಕದ ಮನೆಗೆ ಹೋಗಬೇಕಾಗಿಲ್ಲ. ಆದುದರಿಂದಲೇ ಅವರ ಒಂಟಿತನ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿದಾಗ ಫೋನು ಒದ್ದೆ ಬಟ್ಟೆಯಿಂದ ಮೈ ಒರೆಸುವುದಿಲ್ಲ.

ಆದಕಾರಣ ಈ ಉತ್ಸವದ ನೆನಪಿಗಾಗಿ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಪ್ರತಿ ಭಾನುವಾರ ಪೂಜೆಯ ಅನಂತರ ಹಿಂದಿನ ಸಾಲಿನ ಹೊಸ ಮುಖವನ್ನು ಮಾತನಾಡಿಸುವ ಹೊಣೆಯನ್ನು ಸರದಿಯಂತೆ ಎರಡು ಮನೆಗಳು ಹೊರಲಿ. ಎರಡನೆಯದು, ಹೊಸ ಸಂಸಾರ ಬಂದ ತಿಂಗಳೊಳಗೆ ಆ ಬೀದಿಯ ನಮ್ಮವರು ಅವರ ಮನೆಗೆ ಹೋಗಿಬರಲಿ. ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯ ದಾರಿಯನ್ನು ತೋರಿಸಲಿ. ಮೂರನೆಯದು, ಬಾಡಿಗೆಗೆ ಕೊಡಲು ಮನೆಯಿರುವವರು ಬಂದವರ ಜಾತಿಯನ್ನಾಗಲಿ ಭಾಷೆಯನ್ನಾಗಲಿ ಕೇಳದಿರಲಿ. ಅರ್ಧ ಮುಚ್ಚಿದ ಬಾಗಿಲು ನಲವತ್ತು ವರ್ಷವಾದರೂ ಮನಸ್ಸಿನಿಂದ ಅಳಿಯುವುದಿಲ್ಲ.

ಹೊಸದಾಗಿ ಬಂದಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದೇ ಮಾತು. ಎರಡು ವರ್ಷ ಇದ್ದು ಹೋಗುವವರೆಂದು ಟ್ರಂಕನ್ನು ಬಿಚ್ಚದೆ ಬದುಕಬೇಡಿರಿ. ಇದ್ದಷ್ಟು ದಿನ ಈ ಊರು ನಿಮ್ಮದೇ. ಅಂಗಳದಲ್ಲಿ ಒಂದು ಗಿಡ ನೆಡಿರಿ. ಹಣ್ಣನ್ನು ಬೇರೆಯವರು ತಿಂದರೂ ಚಿಂತೆಯಿಲ್ಲ. ಸಹಾಯ ಕೇಳಲು ನಾಚಬೇಡಿರಿ. ಗೋಡೆಗೆ ಎರಡು ಸಲ ಬಡಿಯಿರಿ.

 ನೂರು ವರ್ಷ ಹೊಸಬರನ್ನು ಬರಮಾಡಿಕೊಂಡ ಈ ಬಾಗಿಲು ಇನ್ನೂ ನೂರು ವರ್ಷ ತೆರೆದಿರಲೆಂದು ದೇವರಲ್ಲಿ ಬೇಡಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.