ಪರನಾಡಿನಲ್ಲಿ ಒಂದು ತಿಂಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದೇಶ ಸುತ್ತುವವರಲ್ಲಿ ಅನೇಕ ಬಗೆಯವರುಂಟು. ವ್ಯಾಪಾರಕ್ಕೆಂದು ಹೋಗುವವರು, ವಿದ್ಯೆಗೆಂದು ಹೋಗುವವರು, ಯಾತ್ರೆಗೆಂದು ಹೋಗುವವರು, ಸುಮ್ಮನೆ ನೋಡಿ ಬರಲೆಂದು ಹೋಗುವವರು. ಇವರಾರ ಸಾಲಿಗೂ ಸೇರದ ಇನ್ನೊಂದು ಬಗೆಯವರಿದ್ದಾರೆ. ಎಂದೂ ಕಾಣದ ನಾಡಿಗೆ ಹೋಗಿ, ಎಂದೂ ಕಾಣದ ಜನಕ್ಕೆ ಒಳ್ಳೆಯದನ್ನು ಮಾಡಿ ಬರಬೇಕೆಂದು ಹೊರಡುವವರು. ಕ್ರೈಸ್ತ ಮಿಷನ್ನುಗಳ ಸೇವಕರು ಈ ಬಗೆಯವರು.

ಹಿಂದಿನ ಕಾಲದಲ್ಲಿ ಹೀಗೆ ಹೊರಟವನು ಬಾಳನ್ನೇ ಮುಡಿಪಾಗಿಟ್ಟು ಹೊರಡುತ್ತಿದ್ದ. ತಿರುಗಿ ತಾಯ್ನಾಡನ್ನು ಕಾಣುವೆನೆಂಬ ಭರವಸೆ ಅವನಿಗಿರಲಿಲ್ಲ. ಈಗ ವಿಮಾನ ಬಂದು ದೂರವನ್ನು ಕರಗಿಸಿದೆ. ಎರಡು ವಾರಕ್ಕೋ ಒಂದು ತಿಂಗಳಿಗೋ ಹೋಗಿ, ಮನೆ ಕಟ್ಟಿ, ಬಾವಿ ತೋಡಿ, ಮಕ್ಕಳಿಗೆ ಪಾಠ ಹೇಳಿ ಹಿಂದಿರುಗುವವರ ತಂಡಗಳು ಹುಟ್ಟಿಕೊಂಡಿವೆ. ಅಮೆರಿಕ ಒಂದರಿಂದಲೇ ವರ್ಷಕ್ಕೆ ಸುಮಾರು ೧೬ ಲಕ್ಷ ವಯಸ್ಕರು ಹೀಗೆ ಹೊರನಾಡಿಗೆ ಹೋಗಿಬರುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರು ೨೦೦೫ರ ಸಮೀಕ್ಷೆಯಿಂದ ಅಂದಾಜು ಮಾಡಿದರು.

ಮತಪ್ರಚಾರದ ಸರಿತಪ್ಪುಗಳನ್ನು ತೂಗುವುದು ಈ ಹೊತ್ತಿನ ನನ್ನ ಮಾತಿನ ಉದ್ದೇಶವಲ್ಲ. ನಾನು ನಿಮ್ಮ ಮುಂದಿಡುವುದು ಅದಕ್ಕಿಂತ ಚಿಕ್ಕ ಪ್ರಶ್ನೆ. ಪರನಾಡಿನಲ್ಲಿ ಒಂದು ತಿಂಗಳು ಇದ್ದು ಸೇವೆ ಮಾಡುವುದೆಂದರೇನು? ಅದರಿಂದ ಯಾರಿಗೆ ಏನು ದೊರೆಯುತ್ತದೆ?

ಮೊದಲು ದಿನಗಳ ಲೆಕ್ಕವನ್ನೇ ಹಾಕಿ ನೋಡಿ. ಮೂವತ್ತು ದಿನಗಳಲ್ಲಿ ಹೋಗಿಬರುವ ಪ್ರಯಾಣಕ್ಕೆ ನಾಲ್ಕು ದಿನ. ಹೊಸ ನೀರು, ಹೊಸ ಅನ್ನ, ಹೊಸ ಬಿಸಿಲು ಮೈಗೆ ಒಗ್ಗುವುದಕ್ಕೆ ಮತ್ತೆ ನಾಲ್ಕು ದಿನ. ಊರನ್ನು ಸುತ್ತಿ ನೋಡಲು, ಸ್ವಾಗತಕ್ಕೆ, ಬೀಳ್ಕೊಡುಗೆಗೆ ಇನ್ನು ನಾಲ್ಕು ದಿನ. ಉಳಿದ ದಿನಗಳಲ್ಲಿಯೂ ಆಡುವ ಮಾತು ದುಭಾಷಿಯ ಬಾಯಿಂದಲೇ ಆಗಬೇಕು. ಎದುರಿಗಿದ್ದವರು ನಕ್ಕರೆ ಸಂತೋಷದಿಂದ ನಕ್ಕರೋ ಸಂಕೋಚದಿಂದ ನಕ್ಕರೋ ತಿಳಿಯದು.

ಇದಕ್ಕೆ ಒಂದು ನಿದರ್ಶನ ಕೇಳಿ. ೧೯೯೮ರ ಅಕ್ಟೋಬರ್ ಕೊನೆಯಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಮಿಚ್ ಎಂಬ ಚಂಡಮಾರುತ ಹೊಡೆಯಿತು. ಸಾವಿರಾರು ಜನ ಸತ್ತರು, ಊರೂರುಗಳೇ ಕೊಚ್ಚಿಹೋದವು. ಉತ್ತರ ಅಮೆರಿಕದ ಚರ್ಚುಗಳಿಂದ ಸ್ವಯಂಸೇವಕರ ತಂಡಗಳು ಬಂದು, ಮನೆ ಕಳೆದುಕೊಂಡವರಿಗೆ ತಮ್ಮ ಕೈಯಾರೆ ಮನೆ ಕಟ್ಟಿಕೊಟ್ಟವು. ಅದೇ ಕಾಲದಲ್ಲಿ ಅಲ್ಲಿನ ಕ್ರೈಸ್ತ ಸಂಸ್ಥೆಯೂ ಅಂಥವೇ ಮನೆಗಳನ್ನು ಕಟ್ಟಿಸಿತು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರದ ಅಧ್ಯಾಪಕರು ಎರಡನ್ನೂ ಹೋಲಿಸಿ ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸ್ಥಳೀಯರು ಕಟ್ಟಿಸಿದ ಮನೆಗೆ ತಗುಲಿದ್ದು ಸುಮಾರು ೨,೦೦೦ ಡಾಲರು. ವಿಮಾನದ ಖರ್ಚೂ ಸೇರಿ ಹೊರಗಿನ ತಂಡ ಕಟ್ಟಿದ ಮನೆಗೆ ಸುಮಾರು ೩೦,೦೦೦ ಡಾಲರು. ಒಂದು ಮನೆಗೆ ಆದ ವೆಚ್ಚದಲ್ಲಿ ಹದಿನೈದು ಮನೆಗಳು ಏಳಬಹುದಾಗಿತ್ತು. ಮನೆ ಪಡೆದವರ ಬಾಳಿನಲ್ಲಿ, ಅದನ್ನು ಕಟ್ಟಿದವರು ಯಾರು ಎಂಬುದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೋಗಿಬಂದವರು ತಮ್ಮ ಬಾಳು ಬದಲಾಯಿತೆಂದು ಹೇಳಿಕೊಂಡರು. ಆದರೆ ದಾನಧರ್ಮದ ದಾಖಲೆಗಳನ್ನು ತೆಗೆದು ನೋಡಿದರೆ, ಅವರು ಹೇಳಿದಷ್ಟು ಬದಲಾವಣೆ ಅಲ್ಲಿ ಇರಲಿಲ್ಲ.

ಇದನ್ನು ಕೇಳಿ, ಹೋದವರನ್ನು ಹಳಿಯುವುದು ಸುಲಭ. ಅದು ನ್ಯಾಯವಲ್ಲ. ಬೇರೆಯವರ ಕಷ್ಟಕ್ಕೆ ಮರುಗಿ, ತಮ್ಮ ರಜೆಯನ್ನೂ ಹಣವನ್ನೂ ಕೊಟ್ಟು, ಬಿಸಿಲಲ್ಲಿ ಇಟ್ಟಿಗೆ ಹೊತ್ತವರು ಅವರು. ಅವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ನಮ್ಮ ಮದುವೆಮನೆಗಳಲ್ಲಿಯೂ ಇದನ್ನು ಕಾಣುತ್ತೇವೆ. ಸಹಾಯಕ್ಕೆಂದು ಬಂದ ನೆಂಟರಲ್ಲಿ ಒಬ್ಬರು ನೇರವಾಗಿ ಅಡುಗೆಮನೆಗೆ ನುಗ್ಗಿ ಬಾಣಲೆಯ ಮುಂದೆ ಕೂತುಬಿಡುತ್ತಾರೆ. ಉಪ್ಪೆಲ್ಲಿ, ಎಣ್ಣೆಯೆಲ್ಲಿ ಎಂದು ಅವರಿಗೆ ತೋರಿಸುತ್ತ ನಿಲ್ಲುವುದೇ ಮನೆಯಾಕೆಗೆ ಕೆಲಸವಾಗುತ್ತದೆ. ಇನ್ನೊಬ್ಬರು ಬಂದೊಡನೆ, “ಅಕ್ಕಾ, ನನಗೆ ಯಾವ ಕೆಲಸ ಹೇಳುತ್ತೀರಿ?” ಎಂದು ಕೇಳುತ್ತಾರೆ. ಹೂ ಬಿಡಿಸಲು ಹೇಳಿದರೆ ಹೂ ಬಿಡಿಸುತ್ತಾರೆ. ಮಗುವನ್ನು ನೋಡಿಕೊಳ್ಳಲು ಹೇಳಿದರೆ ಮಗುವನ್ನೆತ್ತಿಕೊಳ್ಳುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಉಪಕಾರವಾಗುವುದು ಎರಡನೆಯವರಿಂದ.

ಈ ಕೇಳುವ ಗುಣ ಬರುವುದಕ್ಕೆ ಎಷ್ಟು ಕಾಲ ಬೇಕು? ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ನಮ್ಮ ಮಂಗಳೂರೇ ಯುರೋಪಿನವರ ಪಾಲಿನ ಪರನಾಡಾಗಿತ್ತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ೧೮೩೪ರಲ್ಲಿ ಹಡಗಿನಲ್ಲಿ ಬಂದಿಳಿದರು. ಸುಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಮೂವತ್ತೈದು ವರ್ಷಗಳಿದ್ದವು. ಆಫ್ರಿಕವನ್ನು ಬಳಸಿಕೊಂಡೇ ಬರಬೇಕು. ಇಂದಿನವರು ಸೇವೆ ಮುಗಿಸಿ ಮನೆ ಸೇರುವಷ್ಟು ಕಾಲದಲ್ಲಿ ಅವರು ನಡುಗಡಲಿನಲ್ಲಿಯೇ ಇರುತ್ತಿದ್ದರು.

ಬಂದವರು ಮೊದಲು ಕನ್ನಡ ಕಲಿಯಬೇಕಾಯಿತು. ಭಾಷೆ ಕಲಿಯುವುದೆಂದರೆ ಆ ನಾಡಿನ ಮಕ್ಕಳಿಗಿಂತ ಚಿಕ್ಕವನಾಗಿ ಕೂರುವುದು. ೧೮೩೬ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಹೀಗೆ ಕೂತು ಕಲಿತವರು. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟರು. ಬಳಿಕ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇವುಗಳನ್ನು ಅಚ್ಚು ಹಾಕಿಸಿದರು. ಇವೊಂದೂ ಅವರ ಮತದ ಗ್ರಂಥಗಳಲ್ಲವೆಂಬುದನ್ನು ಗಮನಿಸಿ. ಹೇಳಬಂದವರು ಮೊದಲು ಕೇಳುವವರಾದರು. ಕೇಳಿದ್ದನ್ನು ಕೂಡಿಸಿ ಇಟ್ಟರು.

ಫರ್ಡಿನೆಂಡ್ ಕಿಟ್ಟೆಲ್ ೧೮೫೩ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಯುವಕ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ೧೮೯೪ರಲ್ಲಿ. ಸುಮಾರು ೭೦,೦೦೦ ಶಬ್ದಗಳು. ನಡುವೆ ಸ್ವದೇಶಕ್ಕೆ ಹೋಗಿಬಂದದ್ದುಂಟಾದರೂ, ಬಂದ ದಿನದಿಂದ ನಿಘಂಟಿನವರೆಗೆ ನಲವತ್ತೊಂದು ವರ್ಷ. ಎಂದರೆ ಐನೂರು ತಿಂಗಳಿಗೆ ಎಂಟು ಕಡಿಮೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಗಾದೆ. ಈತ ದೇಶ ಸುತ್ತಿಬಂದು ನಮಗೇ ಕೋಶ ಬರೆದುಕೊಟ್ಟರು.

ನೆಲೆನಿಂತವನಿಗೆ ಮಾತ್ರ ಕಾಣುವ ಇನ್ನೊಂದು ಸಂಗತಿಯಿದೆ. ಅದು ತನ್ನ ಕೆಲಸದ ಫಲ. ಬಾಸೆಲ್ ಮಿಷನ್ನು ಸೇರಿದ ಅನೇಕರು ತಮ್ಮ ಜಾತಿ, ಕುಟುಂಬಗಳ ಆಸರೆಯನ್ನು ಕಳೆದುಕೊಂಡರು. ಕುಲಕಸುಬಿನ ದಾರಿಯೂ ಮುಚ್ಚಿತು. ಮತ ಬದಲಾಯಿಸಿದ ದಿನ ಸಂತೋಷಪಟ್ಟು ಹಡಗು ಹತ್ತಿದವನಿಗೆ ಈ ಸಂಕಟ ಕಾಣುತ್ತಿರಲಿಲ್ಲ. ಉಳಿದವರಿಗೆ ಅದು ಮನೆಬಾಗಿಲಿಗೇ ಬಂತು. ಮಗ್ಗಗಳು ಬಂದದ್ದು, ೧೮೬೫ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಅವರ ಕೈಯಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದದ್ದು ಈ ಕಾರಣದಿಂದ. ಮಂಗಳೂರು ಹೆಂಚಿನ ಕೆಳಗೆ ಬಾಳಿದ ಎಷ್ಟು ಮನೆಗಳವರಿಗೆ ಈ ಹಿನ್ನೆಲೆ ನೆನಪಿದೆಯೋ!

ಹಾಗೆಂದು, ಬಹುಕಾಲ ಇದ್ದರಷ್ಟೇ ಸಾಕು ಎಂದೂ ಅಲ್ಲ. ಇಪ್ಪತ್ತು ವರ್ಷ ಒಂದೇ ಊರಿನಲ್ಲಿದ್ದು ಪರಕೀಯನಾಗಿಯೇ ಉಳಿಯಬಹುದು. ೧೯೧೦ರ ಜೂನಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮಿಷನ್ನುಗಳ ಮಹಾಸಮ್ಮೇಳನ ಕೂಡಿತು. ಸುಮಾರು ೧,೨೦೦ ಪ್ರತಿನಿಧಿಗಳಲ್ಲಿ ಏಷ್ಯದವರು ತೀರ ಕೆಲವರು. ಅವರಲ್ಲೊಬ್ಬರು ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯ. ಮೂವತ್ತೈದು ವರ್ಷದ ಆ ತರುಣ ಎದ್ದು ನಿಂತು, ಮಿಷನರಿಗಳ ತ್ಯಾಗಕ್ಕೆ ವಂದಿಸಿ, ಒಂದು ಕೊರತೆಯನ್ನು ನೇರವಾಗಿ ಹೇಳಿದರು. ನೀವು ನಮ್ಮ ಬಡವರಿಗೆ ಅನ್ನ ಕೊಟ್ಟಿರಿ, ನಿಮ್ಮ ದೇಹವನ್ನೂ ಸವೆಸಿದಿರಿ. ನಮಗೆ ಬೇಕಾದದ್ದು ಸ್ನೇಹ, ನಮಗೆ ಗೆಳೆಯರನ್ನು ಕೊಡಿ ಎಂಬುದು ಅವರ ಮಾತಿನ ಸಾರ. ಸಭೆಯಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ. ಆದರೆ ಆ ಸಮ್ಮೇಳನದ ಮಾತುಗಳಲ್ಲಿ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಅದು. ಹಾಗೆ ಹೇಳಲು ಅಜರಯ್ಯನವರಿಗೆ ಅಧಿಕಾರವಿತ್ತು. ತಮಿಳು ಮನೆಮಾತಿನ ಅವರು ತೆಲುಗು ಕಲಿತು, ಆಗಿನ ನಿಜಾಮರ ಸೀಮೆಯ ದೋರ್ನಕಲ್ಲಿನಲ್ಲಿ ಸೇವೆಗೆ ನಿಂತವರು.

ಹಾಗಾದರೆ ಒಂದು ತಿಂಗಳು ವ್ಯರ್ಥವೇ? ಅಲ್ಲವೆನ್ನುವುದಕ್ಕೂ ನಿದರ್ಶನವಿದೆ. ೧೯೭೮ರಲ್ಲಿ ಸ್ಥಾಪನೆಯಾದ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆ ಆಸ್ಪತ್ರೆ ಹಡಗುಗಳನ್ನು ನಡೆಸುತ್ತದೆ. ಹಡಗು ಆಫ್ರಿಕದ ಯಾವುದಾದರೊಂದು ಬಂದರಿಗೆ, ಆ ದೇಶದ ಸರ್ಕಾರದ ಕರೆಯ ಮೇಲೆ ಹೋಗಿ, ತಿಂಗಳುಗಟ್ಟಲೆ ನಿಲ್ಲುತ್ತದೆ. ವೈದ್ಯರು, ದಾದಿಯರು ತಮ್ಮ ಖರ್ಚು ತಾವೇ ಕೊಟ್ಟುಕೊಂಡು ಬರುತ್ತಾರೆ. ಕೆಲವರು ಕೆಲವೇ ವಾರ ಇರುತ್ತಾರೆ. ಕಣ್ಣಿನ ಪೊರೆ, ಸೀಳುತುಟಿ, ಗಡ್ಡೆ ಇವುಗಳಿಗೆ ಶಸ್ತ್ರಕ್ರಿಯೆ ಮಾಡುತ್ತಾರೆ. ಅಲ್ಲಿನ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡುತ್ತಾರೆ. ಇಲ್ಲಿ ಒಬ್ಬ ವೈದ್ಯನ ತಿಂಗಳು ಒಂಟಿ ತಿಂಗಳಲ್ಲ, ಸರಪಳಿಯ ಒಂದು ಕೊಂಡಿ. ಅವನು ಹೊರಟ ಮರುದಿನ ಗಾಯದ ಕಟ್ಟು ಬಿಚ್ಚಲು ಇನ್ನೊಬ್ಬರಿರುತ್ತಾರೆ. ಅವನು ತಂದ ವಿದ್ಯೆಯೂ ಅಲ್ಲಿ ಇಲ್ಲದ್ದು. ಇಟ್ಟಿಗೆ ಹೊರುವ ತೋಳಿನಂತೆ ಅಲ್ಲಿ ಬೇಕಾದಷ್ಟು ಇರುವಂಥದಲ್ಲ.

ನಿಮ್ಮ ಮನೆಯ ಮಗನೋ ಮಗಳೋ ನಾಳೆ ಇಂಥ ಸೇವೆಗೆ ಹೊರಡಬಹುದು. ಅದು ಚರ್ಚಿನ ಮೂಲಕವಾಗಲಿ, ಮಠದ ಮೂಲಕವಾಗಲಿ, ಕಾಲೇಜಿನ ಮೂಲಕವಾಗಲಿ. ಹೋಗುವ ಊರು ಆಫ್ರಿಕದಲ್ಲಿರಲಿ, ಪಕ್ಕದ ಜಿಲ್ಲೆಯಲ್ಲಿರಲಿ. ಅವರನ್ನು ತಡೆಯಬೇಡಿ. ಆದರೆ ಪೆಟ್ಟಿಗೆ ಕಟ್ಟುವ ಮೊದಲು ಒಂದೆರಡು ಮಾತು ಕೇಳಿ. ನಿನ್ನನ್ನು ಅಲ್ಲಿಗೆ ಕರೆದವರು ಯಾರು? ನೀನು ಮಾಡುವ ಕೆಲಸವನ್ನು ಆ ಊರಿನವರೇ ಮಾಡಬಲ್ಲರೇ? ಬಲ್ಲರಾದರೆ, ನಿನ್ನ ಪ್ರಯಾಣದ ಹಣ ಅವರ ಕೂಲಿಯಾಗಬಾರದೇಕೆ? ನೀನು ಬಂದ ಮೇಲೆ ಅದನ್ನು ನೋಡಿಕೊಳ್ಳುವವರಿದ್ದಾರೆಯೇ?

ಇದಕ್ಕೆಲ್ಲ ಸಮಾಧಾನಕರವಾದ ಉತ್ತರ ದೊರೆತರೆ ಹೋಗಿಬರಲಿ. ದೊರೆಯದಿದ್ದರೂ ಹೋಗಬಹುದು, ಆದರೆ ಆಗ ಅದನ್ನು ಸೇವೆಯೆನ್ನದೆ ಓದು ಎನ್ನಲಿ. ಒಂದು ತಿಂಗಳಲ್ಲಿ ಒಂದು ಭಾಷೆಯ ನೂರು ಮಾತು ಕಲಿಯಬಹುದು. ಅವರು ಬಡಿಸಿದ್ದನ್ನು ಅವರ ಜೊತೆ ಕೂತು ಉಣ್ಣಬಹುದು. ನಾಲ್ಕು ಜನರ ಹೆಸರು ಹಿಡಿದು ಕರೆಯುವಷ್ಟು ಬಳಕೆಯಾಗಬಹುದು. ಬಂದ ಮೇಲೆ ಅವರಿಗೆ ಕಾಗದ ಬರೆಯಬಹುದು. ಅಜರಯ್ಯನವರು ಕೇಳಿದ ಸ್ನೇಹ ಮೊದಲಾಗುವುದು ಇಷ್ಟರಿಂದಲೇ. ಅದಕ್ಕೆ ಒಂದು ತಿಂಗಳು ಚಿಕ್ಕದಲ್ಲ.